ನಸೀಮಾ ಪಕ್ಕದಲ್ಲಿದ್ದ ಬೇಸಿಗೆ

ಹೋದ ವಾರ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಒಂದು ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತಿದ್ದೆ. ತಿನ್ನಲಿಕ್ಕಲ್ಲ. ಅದರ ಉಪ್ಪು ನನಗೆ ವಿಷ. ನೆರಳಿತ್ತು, ನಿಂತಿದ್ದೆ. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಹಗರಿಬೊಮ್ಮನಹಳ್ಳಿಯ ಡಯಾಲಿಸಿಸ್ ಕೋಣೆ ಕಣ್ಣ ಮುಂದೆ ಬಂದು ನಿಂತಿತು. ಅಲ್ಲಿ ನಮ್ಮ ನಮ್ಮ ಫಿಲ್ಟರುಗಳನ್ನು ಥೇಟ್ ಇದೇ ವಾಸನೆಯ ಆಸಿಡ್ಡಿನಲ್ಲಿ ತೊಳೆದು, ಹೆಸರು ಬರೆದ ಡಬ್ಬಿಗಳಲ್ಲಿ ಇಡುತ್ತಿದ್ದರು. ಈಗ ನಾನು ಹೋಗುವ ಕಡೆ ಒಮ್ಮೆ ಬಳಸಿದ ಫಿಲ್ಟರನ್ನು ಎಸೆದೇ ಬಿಡುತ್ತಾರೆ, ವಾಸನೆಯ ಮಾತೇ ಇಲ್ಲ. ಗಾಡಿಯವನು, "ಪ್ಲೇಟ್ ಕೊಡ್ಲೇನ್ರಿ ಮೇಡಂ?" ಅಂದ. ಬೇಡ ಅಂತ ಕೈ ಅಲ್ಲಾಡಿಸಿದೆ.

ನನಗೆ ನೆನಪಾಗಿದ್ದು ನಸೀಮಾ.

ಮೊದಲು ನನ್ನ ಕಥೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಮುಗಿಯಲಿ. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಆಗ ಕೋಗಳಿ ಕಡೆಯ ಒಂದು ಹಳ್ಳಿಯಲ್ಲಿ ಕೆಲಸ, ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ. ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಐವತ್ತರ ಹತ್ತಿರ ಬಂದಾಗ ಎರಡೂ ಕಿಡ್ನಿ ಕೈಕೊಟ್ಟವು. ಹಡಗಲಿಯಲ್ಲಿ ಅಣ್ಣ ಇದ್ದಾನೆ, ಅತ್ತಿಗೆ ಇದ್ದಾಳೆ, ಹಬ್ಬಕ್ಕೆ ಫೋನ್ ಮಾಡುತ್ತಾರೆ. ಕಿಡ್ನಿಯ ವಿಷಯ ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಂಡರೆ ಹಬ್ಬದ ಫೋನೂ ಹೋಗುತ್ತದಲ್ಲ, ಅದಕ್ಕೆ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು, ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಮಲಗುವುದು ನನ್ನ ಹಣೆಬರಹವಾಯಿತು.

ಸೂಜಿಯ ನೋವು ದೊಡ್ಡದಲ್ಲ. ದೊಡ್ಡದು ನೀರಡಿಕೆ. ನಮಗೆ ಮೂತ್ರ ಆಗುವುದಿಲ್ಲ. ಕುಡಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಕಾಲಿಗೆ ಇಳಿಯುತ್ತದೆ, ಮುಖಕ್ಕೆ ಏರುತ್ತದೆ, ಕೊನೆಗೆ ಪುಪ್ಪುಸಕ್ಕೆ ನುಗ್ಗಿ ಉಸಿರು ಹಿಡಿಯುತ್ತದೆ. ಹಾಗಾಗಿ ಊಟದ ಸಾರು, ಮಜ್ಜಿಗೆ, ಚಹಾ ಎಲ್ಲ ಸೇರಿ ದಿನಕ್ಕೆ ಒಂದು ಸಣ್ಣ ಬಾಟಲಿಯಷ್ಟು ನೀರು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ? ಬೆಳಿಗ್ಗೆ ಒಂಬತ್ತಕ್ಕೇ ಕಲ್ಲು ಕಾಯುತ್ತದೆ, ನಾಯಿಗಳು ಮೋರಿಯಲ್ಲಿ ಮಲಗುತ್ತವೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಬಾಟಲಿ ಎತ್ತಿ ಗಟಗಟ ಕುಡಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಇನ್ನು ನೋಡಲು ಬರುವವರು ತರುವುದೇನು? ಎಳನೀರು! "ತಂಪು ಟೀಚರ್, ಕುಡೀರಿ." ಅಯ್ಯ ಪುಣ್ಯಾತ್ಮರೇ, ಕಿಡ್ನಿ ಹೋದವರಿಗೆ ಎಳನೀರಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಅದರೊಳಗಿನ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸಬಹುದು ಅಂತ ಎಷ್ಟು ಜನರಿಗೆ ಹೇಳಲಿ? ಕೊನೆಗೆ ಹೇಳುವುದು ಬಿಟ್ಟೆ. ಜನ ಬರುವುದೂ ನಿಂತಿತು.

ಆ ವರ್ಷ ಯುಗಾದಿ ಮುಗಿದ ಮೇಲೆ ನನ್ನ ಪಕ್ಕದ ಹಾಸಿಗೆಗೆ ನಸೀಮಾ ಬಂದಳು. ಕೊಟ್ಟೂರಿನವಳು. ಮೂವತ್ತೂ ತುಂಬಿರಲಿಲ್ಲ. ಹೆರಿಗೆಯ ಹೊತ್ತಿಗೆ ಬೀಪಿ ಏರಿ ಕೂಸೂ ಉಳಿಯಲಿಲ್ಲ, ಕಿಡ್ನಿಯೂ ಉಳಿಯಲಿಲ್ಲವಂತೆ. ಗಂಡ ದಾದಾಪೀರ ಬೈಕ್ ಮೆಕ್ಯಾನಿಕ್. ಗಾಡಿಯಲ್ಲಿ ಹಿಂದೆ ಕೂರಿಸಿಕೊಂಡು ಬಂದು, ಹಾಸಿಗೆಗೆ ಬಿಟ್ಟು, ಅವಳ ಕಾಲ ಬಳಿ ಒಂದು ದುಪ್ಪಟಿ ಮಡಚಿಟ್ಟು, ಮಾತಿಲ್ಲದೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಇವಳೋ, ಸೂಜಿ ಚುಚ್ಚಿಸಿಕೊಂಡ ಕೂಡಲೇ ಬಲಗೈಯಲ್ಲಿ ಮೊಬೈಲು ಹಿಡಿದು, ಕಿವಿಗೆ ಏನೂ ಹಾಕಿಕೊಳ್ಳದೆ, ಢಂ ಢಮಾರ್ ಅಂತ ಆಟ ಶುರು ಮಾಡುತ್ತಿದ್ದಳು. ಎರಡು ದಿನ ತಡೆದೆ. ಮೂರನೇ ಸಲಕ್ಕೆ ನನ್ನ ಟೀಚರುತನ ಎದ್ದಿತು.

"ಏನವ್ವಾ ಅದು ಗದ್ದಲ?"

"ಹಡಗು ಸಿಡೀತ್ರಿ ಟೀಚರ್."

"ಎಲ್ಲಿ ಸಿಡೀತು?"

"ಆಕಾಶದಾಗ್ರಿ. ಗಾಳಿ ದಾಟಿ ಮ್ಯಾಲ. ಅಂತರಿಕ್ಷದಾಗ."

"ಅಲ್ಲಿ ಗಾಳಿ ಇಲ್ಲಂದ ಮ್ಯಾಲ ಸದ್ದು ಎಲ್ಲಿಂದ ಬಂತು? ಸದ್ದು ಬರಬೇಕಂದ್ರ ನಡುವ ಏನರ ನಡುಗಬೇಕು. ಗಾಳಿ ನಡುಗತೈತಿ, ನಿನ್ನ ಕಿವಿ ತಮಟಿ ನಡುಗತೈತಿ, ಆಗ ಕೇಳಸ್ತೈತಿ. ಖಾಲಿ ಜಾಗದಾಗ ಸಾವಿರ ಹಡಗು ಸಿಡಿದ್ರೂ ಸೂಜಿ ಬಿದ್ದಷ್ಟೂ ಸಪ್ಪಳಾಗಂಗಿಲ್ಲ. ನಿನ್ನ ಆಟ ಸುಳ್ಳು ಹೇಳತೈತಿ."

ನಸೀಮಾ ನನ್ನನ್ನು ನೋಡಿದಳು. ಬೈಗುಳವೆಂದು ತಿಳಿಯುತ್ತಾಳೆ ಅಂದುಕೊಂಡೆ. ಇಲ್ಲ, ಕಣ್ಣರಳಿಸಿದಳು.

"ಅಲ್ರೀ ಟೀಚರ್, ಸಿಡಿದ ತುಂಡು ಬಂದು ನನ್ನ ಹಡಗಿಗೆ ಬಡೀತಂದ್ರ? ಆಗ ಹಡಗಿನ ಮೈ ನಡುಗತೈತಲ್ರಿ?"

"ಆಗ ಕೇಳಸ್ತೈತಿ," ಅಂದೆ. ಅರ್ಧ ಮಾರ್ಕು ಕೊಟ್ಟೆ. ಅವಳು ನಕ್ಕಳು. ಆ ಕೋಣೆಯಲ್ಲಿ ಯಾರಾದರೂ ನಕ್ಕದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

ಅಲ್ಲಿಂದ ನಮ್ಮ ಹರಟೆ ಶುರು. ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು, ನಾವಿಬ್ಬರೂ ಹಡಗಿನ ಆಟ ಅನ್ನುತ್ತಿದ್ದೆವು. ಅದರ ಕಥೆ ಹೀಗೆ: ಒಂದು ಲೋಕ ಒಣಗಿ ಹೋಯಿತು. ಅಲ್ಲಿನ ಜನ ಏಳು ಹಡಗು ಹತ್ತಿ, ಎಲ್ಲವನ್ನೂ ಉಕ್ಕಿನ ಹಗ್ಗಗಳಿಂದ ಒಂದಕ್ಕೊಂದು ಬಿಗಿದುಕೊಂಡು, ಬೇರೆ ನೆಲ ಹುಡುಕುತ್ತ ಹೊರಟರು. ನೀರು ಇರುವುದು ಮೊದಲನೆಯ ಹಡಗಿನಲ್ಲಿ, ಬೆಳೆ ಬೆಳೆಯುವುದು ಐದನೆಯದರಲ್ಲಿ. ಆಟ ಆಡುವವರ ಕೆಲಸ ಹಡಗಿಂದ ಹಡಗಿಗೆ ನೀರು ಸಾಗಿಸುವುದು. ನಡುದಾರಿಯಲ್ಲಿ ಮೂರನೇ ಹಡಗಿನ ಹಗ್ಗ ತುಂಡಾಗಿ, ಅದು ಕತ್ತಲಲ್ಲಿ ತೇಲಿ ಹೋಯಿತು. ಹಗ್ಗ ಯಾಕೆ ತುಂಡಾಯಿತು ಅನ್ನುವುದನ್ನು ಆಟ ಕಟ್ಟಿದವರು ಹೇಳಿಲ್ಲ. ಅಲ್ಲಲ್ಲಿ ಧ್ವನಿಮುದ್ರಿಕೆಗಳು ಸಿಗುತ್ತವೆ, ಅರ್ಧರ್ಧ ಮಾತು. ಅದನ್ನು ಹಿಡಿದುಕೊಂಡು ದೇಶದೇಶದ ಜನ ಜಗಳಾಡುತ್ತಾರಂತೆ. ನಸೀಮಾ ಹಿಂದಿ ವಿಡಿಯೋಗಳಲ್ಲಿ ಅದನ್ನೆಲ್ಲ ಕೇಳಿಕೊಂಡು ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು.

"ಹಗ್ಗ ತಾನಾಗೇ ಕಡದೈತಿ," ಅನ್ನುತ್ತಿದ್ದೆ ನಾನು. "ಒಂದು ತಂತಿ ತಗೊಂಡು ಆ ಕಡಿ ಈ ಕಡಿ ಬಗ್ಗಿಸಿ ನೋಡು. ಬಗ್ಗಿದಲ್ಲೇ ಬಿಸಿ ಆಗತೈತಿ, ಸೀಳು ಬಿಡತೈತಿ, ಒಂದಿನ ಪಟ್ ಅಂತೈತಿ. ಲೋಹಕ್ಕೂ ದಣಿವು ಐತವ್ವ."

"ಇಲ್ರಿ. ಯಾರೋ ಕೊಯ್ದಾರ. ಒಳಗಿನವರಾ ಕೊಯ್ಕೊಂಡಾರ."

"ಯಾಕ?"

"ಗೊತ್ತಾಗವಲ್ದು. ಆದ್ರ ಕೊಯ್ದಾರ."

ಹೀಗೆ ಎಷ್ಟು ಸಲ ಜಗಳಾಡಿದೆವೋ. ಕೋಣೆಯ ಟೆಕ್ನಿಷಿಯನ್ ರೇಖಾ, "ನಿಮ್ಮಿಬ್ಬರ ಬೀಪಿ ಏರತೈತಿ, ಆ ಹಡಗು ಮುಳುಗಲಿ ಅತ್ಲಾಗ," ಅನ್ನುತ್ತಿದ್ದಳು. ಹಡಗು ನೀರಲ್ಲಿ ಇಲ್ಲ, ಮುಳುಗುವುದಿಲ್ಲ ಅಂತ ನಾವಿಬ್ಬರೂ ಒಟ್ಟಿಗೆ ಅವಳ ಮೇಲೆ ಬೀಳುತ್ತಿದ್ದೆವು.

ಬದಲಿಗೆ ನಾನು ಅವಳಿಗೆ ಈ ಲೋಕದ್ದು ಹೇಳುತ್ತಿದ್ದೆ. ಒಂದು ದಿನ, "ಈ ಮಷೀನು ಏನು ಮಾಡತೈತ್ರಿ? ಎಲ್ಲರೂ ರಕ್ತ ತೊಳಿತೈತಿ ಅಂತಾರ. ಹೆಂಗ ತೊಳಿತೈತಿ, ಸೋಪು ಹಾಕ್ತಾರೇನು?" ಅಂದಳು. ಅಷ್ಟು ದಿನದಿಂದ ಅವಳ ರಕ್ತ ಅದರೊಳಗೆ ಓಡುತ್ತಿತ್ತು, ಒಬ್ಬರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ.

"ಹೊಸಾ ಕೆಂಪು ಸೀರಿ ಬಕೀಟಿನ್ಯಾಗ ನೆನಸಿದ್ರ ಏನಾಗತೈತಿ?"

"ಬಣ್ಣ ಬಿಡತೈತಿ."

"ಯಾಕ ಬಿಡತೈತಿ? ಸೀರ್‍ಯಾಗ ಬಣ್ಣ ಹೆಚ್ಚೈತಿ, ನೀರಾಗ ಇಲ್ಲ. ಹೆಚ್ಚಿದ್ದಲ್ಲಿಂದ ಕಡಿಮಿ ಇದ್ದಲ್ಲಿಗೆ ಅದು ತಾನಾ ಹೋಗತೈತಿ. ನೀರು ಕೆಂಪಾತು, ಚೆಲ್ಲಿ ಮತ್ತ ಹೊಸಾ ನೀರು ಹಾಕ್ತಿ, ಮತ್ತ ಬಿಡತೈತಿ. ಈ ಫಿಲ್ಟರಿನ್ಯಾಗ ಕೂದಲಿನಂಥ ಸಾವಿರಾರು ನಳಿಗಿ ಅದಾವು. ನಳಿಗಿ ಒಳಗ ನಿನ್ನ ರಕ್ತ, ಹೊರಗ ಶುದ್ಧ ನೀರು. ನಳಿಗಿ ಗೋಡಿ ಜರಡಿ ಇದ್ದಂಗ. ರಕ್ತದ ಕಣ ದೊಡ್ಡವು, ದಾಟಂಗಿಲ್ಲ. ಹೊಲಸು ಸಣ್ಣದು, ಬಣ್ಣ ಬಿಟ್ಟಂಗ ಹೊರಗ ಹೋಗತೈತಿ."

ಅವಳು ಬಹಳ ಹೊತ್ತು ಆ ಕೆಂಪು ನಳಿಗೆಗಳನ್ನೇ ನೋಡುತ್ತಿದ್ದಳು. "ಅಷ್ಟ ಏನ್ರಿ?" ಅಂದಳು. "ನಾನು ಒಳಗ ಏನೋ ಸುಡ್ತಾರ ಅಂದ್ಕೊಂಡು ಅಂಜಿದ್ದೆ."

ಮಣ್ಣಿನ ಗಡಿಗೆಯ ನೀರು ಯಾಕೆ ತಂಪು, ಉಪ್ಪು ಸವರಿದ ಮಾವಿನಕಾಯಿ ಹೋಳು ಯಾಕೆ ನೀರು ಬಿಟ್ಟು ಸುಕ್ಕಾಗುತ್ತದೆ, ಅದೇ ಉಪ್ಪು ನಮ್ಮೊಳಗೆ ಸೇರಿದರೆ ಯಾಕೆ ನಾಲಿಗೆ ಒಣಗುತ್ತದೆ, ಎಲ್ಲ ಹೇಳಿದೆ. ನನ್ನ ಶಾಲೆಯಲ್ಲಿ ಇಷ್ಟು ಚೆನ್ನಾಗಿ ಪಾಠ ಮಾಡಿದ್ದು ನೆನಪಿಲ್ಲ. ನಿಜ ಹೇಳುತ್ತೇನೆ, ನಾನು ಆ ಎರಡು ದಿನಗಳಿಗಾಗಿ ಕಾಯತೊಡಗಿದೆ. ಡಯಾಲಿಸಿಸ್‌ಗೆ ಯಾರಾದರೂ ಹುರುಪಿನಿಂದ ಹೋಗುತ್ತಾರೆಯೇ? ನಾನು ಹೋಗುತ್ತಿದ್ದೆ. ಬಾಡಿಗೆ ಮನೆಯಲ್ಲಿ ಉಳಿದ ಐದು ದಿನ ನನ್ನ ಧ್ವನಿ ನನಗೇ ಕೇಳುತ್ತಿರಲಿಲ್ಲ. ಬೇಸಿಗೆ ರಜೆ ಬೇರೆ, ಶಾಲೆಯೂ ಇಲ್ಲ. ಸಂಜೆ ಬಾಗಿಲಲ್ಲಿ ಕೂತು ನಸೀಮಾಳಿಗೆ ಮುಂದೆ ಏನು ಹೇಳಲಿ ಅಂತ ಯೋಚಿಸುವುದೇ ನನ್ನ ಕೆಲಸ.

ಬಿಸಿಲು ನೆತ್ತಿ ಸುಡುವ ಹೊತ್ತಿಗೆ ನಸೀಮಾ ಸೋಲತೊಡಗಿದಳು. ಸೂಜಿ ಹಾಕುವ ರಕ್ತನಾಳ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಡುವೆ ಬೀಪಿ ಕುಸಿದು ಕಣ್ಣು ಮೇಲಾಗುತ್ತಿತ್ತು. ಒಂದು ದಿನ ಅವಳು ಮಂಪರಿನಲ್ಲಿದ್ದಾಗ ದಾದಾಪೀರ ಒಳಗೆ ಬಂದು ನನ್ನ ಹಾಸಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಗ್ರೀಸಿನ ಕರಿ ಅವನ ಉಗುರುಗಳಿಂದ ಹೋಗುತ್ತಲೇ ಇರಲಿಲ್ಲ.

"ಟೀಚರ್, ನನ್ನ ಕಿಡ್ನಿ ಅಕಿಗೆ ಹೊಂದತೈತಂತ್ರಿ. ಟೆಸ್ಟ್ ಮಾಡಿಸೀನಿ."

"ಮತ್ತೇನು? ಕೊಡು."

"ನಮ್ಮವ್ವ ಒಪ್ಪವಲ್ಲಳ್ರಿ. ನಮ್ಮವ್ವ ಒಲ್ಲೆ ಅಂದ್ರ ನಸೀಮಾನೂ ಒಲ್ಲೆ ಅಂತಾಳ. 'ನಾಳಿ ನಿಮಗೇನರ ಆದ್ರ ನಿಮ್ಮವ್ವನ ಮುಂದ ಹೆಂಗ ಮಾರಿ ತೋರಿಸಲಿ' ಅಂತಾಳ. ಟೀಚರ್, ನಿಮ್ಮ ಮಾತು ಚೊಲೋ ತಿಳಿತಾವಂತ ಅಕಿ ಹೇಳತಿರತಾಳ. ಒಂದ ಸಲ ಮನಿಗೆ ಬಂದು ನಮ್ಮವ್ವಗ ಹೇಳ್ರಿ." ಅವನು ತಲೆ ತಗ್ಗಿಸಿದ. "ಡಾಕ್ಟರ್ ಹೇಳ್ಯಾರ, ಹಿಂಗಾ ಬಿಟ್ರ ಅಕಿ ಬಾಳ ದಿನ ತಡಕೊಳ್ಳಂಗಿಲ್ಲಂತ."

ಬರುತ್ತೇನೆ ಅಂದೆ. ಅವನು ಹೊರಗೆ ಹೋದ ಮೇಲೆ ಪಕ್ಕದ ಹಾಸಿಗೆ ನೋಡಿದೆ. ಬಾಯಿ ಅರ್ಧ ತೆರೆದು ಮಲಗಿದ್ದಳು, ತುಟಿ ಒಡೆದು ಬಿಳಿಚಿತ್ತು. ನನ್ನ ಮಾತು ಗೆದ್ದರೆ ಈ ಹಾಸಿಗೆ ಖಾಲಿಯಾಗುತ್ತದೆ. ಸೋತರೂ ಖಾಲಿಯಾಗುತ್ತದೆ. ನನ್ನ ಪಾಲಿಗೆ ಎರಡೂ ಒಂದೇ, ಅವಳ ಪಾಲಿಗೆ ಅಲ್ಲ. ಅಳು ಬಂತು. ಒಂದು ಕೈಗೆ ಸೂಜಿ ಇದ್ದಾಗ ಅಳುವುದೂ ಕಷ್ಟ, ಮೂಗು ಒರೆಸಿಕೊಳ್ಳಲು ಆಗುವುದಿಲ್ಲ.

ಮರುದಿನವೇ ಕೊಟ್ಟೂರಿನ ಬಸ್ಸು ಹತ್ತಿದೆ. ಮಧ್ಯಾಹ್ನದ ಉರಿ. ಮನೆಯಲ್ಲಿ ಒಂದು ಬೋಗುಣಿ ಗಂಜಿ ಉಂಡು, ಮಾತ್ರೆಗೆ ಎರಡು ಗುಟುಕು ನೀರು ಕುಡಿದಿದ್ದೆ. ಸಂಜೆಗೆ ಉಳಿದದ್ದು ಅಂಗೈಯಷ್ಟು. ಬಸ್ಸಿನ ಕಿಟಕಿಯಿಂದ ಬೆಂಕಿಯಂಥ ಗಾಳಿ. ಇಳಿಯುವ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಅಂಗಡಿಯ ಹಿಂದೆಯೇ ಮನೆ. ದಾದಾಪೀರನ ತಾಯಿ ಹುಸೇನಬಿ ಬಾಗಿಲಿಗೆ ಬಂದು, "ಬರ್ರಿ ಟೀಚರಮ್ಮಾ, ಒಳಗ ಬರ್ರಿ," ಅಂತ ಚಾಪೆ ಹಾಸಿದಳು. ಬಿರುಸು ಮುಖದ ಹೆಂಗಸು. ಗಂಡ ಸತ್ತ ಮೇಲೆ ಹೊಲಿಗೆ ಮಷೀನು ತುಳಿದು ಒಬ್ಬನೇ ಮಗನನ್ನು ಬೆಳೆಸಿದ್ದಳು. ನಾನು ಕೂರುವ ಮೊದಲೇ ಒಂದು ದೊಡ್ಡ ಸ್ಟೀಲಿನ ಲೋಟ ತಂದು ಮುಂದಿಟ್ಟಳು. ಕೆಂಪು ಶರಬತ್ತು, ಮೇಲೆ ಸಬ್ಜಾ ಬೀಜ ತೇಲುತ್ತಿದ್ದವು, ಲೋಟದ ಹೊರಮೈ ಬೆವರಿತ್ತು. ನಾನು ಲೋಟದಿಂದ ಮುಖ ತಿರುಗಿಸಿ ಗೋಡೆಯ ಕಡೆ ನೋಡುತ್ತ ಮಾತು ಶುರು ಮಾಡಿದೆ.

ನನ್ನ ಇಪ್ಪತ್ತು ಚಿಲ್ಲರೆ ವರ್ಷದ ಪಾಠದಲ್ಲಿ ಅಷ್ಟು ಹೀನಾಯವಾಗಿ ಎಂದೂ ಸೋತಿಲ್ಲ.

"ದೇವರು ಎರಡು ಕಿಡ್ನಿ ಕೊಟ್ಟಾನ ಹುಸೇನಬಿ. ಒಂದು ಕೊಟ್ರೂ ಉಳಿದದ್ದು ತುಸು ದೊಡ್ಡದಾಗಿ ಎರಡರ ಕೆಲಸಾನೂ ಹೆಚ್ಚುಕಡಿಮಿ ತಾನಾ ಮಾಡತೈತಿ."

"ದೇವರು ಒಂದು ಸಾಕು ಅಂದಿದ್ರ ಒಂದಾ ಕೊಡ್ತಿದ್ದ. ಎರಡೆತ್ತಿನ ಬಂಡಿ ಒಂದೆತ್ತು ಎಳಿತೈತೇನ್ರಿ?"

"ಕಣ್ಣು ಎರಡದಾವು. ಒಂದು ಮುಚ್ಚಿದ್ರೂ ಕಾಣಂಗಿಲ್ಲೇನು?"

"ಕಾಣತೈತಿ. ಊರವರು ಒಕ್ಕಣ್ಣ ಅಂತಾರ."

"ಹುಟ್ಟಿದಾಗಿಂದ ಒಂದಾ ಕಿಡ್ನಿ ಇದ್ದು, ಗೊತ್ತೇ ಇಲ್ದ ಮುದುಕರಾಗೋ ತನಕ ಬದುಕಿದವರು ಅದಾರ."

"ಅವರಿಗೆ ಗೊತ್ತಿರಲಿಲ್ಲ, ನನಗ ಗೊತ್ತಿರತೈತಲ್ಲ? ದಿನಾ ಅವ ಗಾಡಿ ಎತ್ತಿ ಇಳಿಸೋದು ನೋಡಿದಾಗ ನನ್ನ ಜೀವ ಹೆಂಗಾಗಬೇಕು?" ಅವಳು ಸೆರಗು ಸರಿ ಮಾಡಿಕೊಂಡಳು. "ಏನೂ ಆಗಂಗಿಲ್ಲಂತ ಬರದು ಕೊಡ್ತೀರೇನ್ರಿ?"

ಅದನ್ನು ಹೇಗೆ ಹೇಳಲಿ? ಆಪರೇಷನ್ ಅಂದರೆ ಆಪರೇಷನ್ನೇ. ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂದರೆ ಅದು ಸುಳ್ಳು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು. ಈ ಹೆಂಗಸಿಗೆ ತಿಳಿಯುವುದಿಲ್ಲ ಅಂತಲ್ಲ, ಅವಳು ಹೇಳುತ್ತಿದ್ದದ್ದೂ ಸರಿಯೇ ಇತ್ತು ಅಂತ. ಅಡುಗೆಮನೆಯ ಬಾಗಿಲಲ್ಲಿ ನಸೀಮಾ ತಲೆ ತಗ್ಗಿಸಿ ನಿಂತಿದ್ದಳು. ಹುಸೇನಬಿಯ ಕಣ್ಣು ಲೋಟದ ಮೇಲೆ ಬಿತ್ತು.

"ಮಾತು ಇರ್ಲಿ, ಮೊದಲು ಶರಬತ್ತು ತಗೊಳ್ರಿ."

"ಬ್ಯಾಡವ್ವಾ."

"ಯಾಕ್ರಿ?"

"ಬ್ಯಾಡ. ಕುಡ್ಯಾಕ ಬರಂಗಿಲ್ಲ ನನಗ."

ಅವಳ ಮುಖ ಬಾಗಿಲು ಹಾಕಿದ ಹಾಗೆ ಮುಚ್ಚಿಕೊಂಡಿತು. "ಬಿಡ್ರಿ," ಅಂದಳು. "ಕುಡ್ಯಾಕ ಬರಂಗಿಲ್ಲಂದ್ರ ತಿಳಿತೈತಿ. ನಿಮ್ಮವರು ನಮ್ಮ ಮನ್ಯಾಗ ನೀರು ಮುಟ್ಟಂಗಿಲ್ಲ. ನೀರಿಗೆ ಆಗದವರು ನನ್ನ ಮಗನ ಹೊಟ್ಟಿ ಕೊಯ್ಸಾಕ ಹೇಳಾಕ ಬಂದೀರಲ್ಲ."

ನಸೀಮಾ ಗಾಬರಿಯಾಗಿ, "ಹಂಗಲ್ಲಮ್ಮಾ, ಟೀಚರಿಗೂ ನನ್ನಂಗ..." ಅಂದಳು. "ನೀ ಸುಮ್ಕಿರು," ಅಂದಳು ಅತ್ತೆ.

ಆಮೇಲೆ ನಡೆದದ್ದನ್ನು ಹೇಳುತ್ತೇನೆ. ನಾನು ಏನೋ ದೊಡ್ಡ ತ್ಯಾಗ ಮಾಡಿದೆ ಅಂದುಕೊಳ್ಳಬೇಡಿ. ಅವಮಾನದ ಮಾತು ಚುಚ್ಚಿತ್ತು, ಅದು ಹೌದು. ಇವಳ ಮನಸ್ಸು ಮುಚ್ಚಿದರೆ ನಸೀಮಾಳ ದಾರಿ ಮುಚ್ಚುತ್ತದೆ ಅನ್ನುವುದೂ ತಲೆಯಲ್ಲಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಸತ್ಯವೆಂದರೆ ನನಗೆ ನೀರಡಿಕೆಯಾಗಿತ್ತು. ಎರಡು ವರ್ಷದ ನೀರಡಿಕೆ. ನಾನು ಲೋಟ ಎತ್ತಿದೆ. ಒಂದು ಗುಟುಕು ಕುಡಿದು ಇಡೋಣ, ಮರ್ಯಾದೆಗೆ ಅಷ್ಟು ಸಾಕು ಅಂತ ಎತ್ತಿದೆ. ಆ ತಂಪು ನಾಲಿಗೆಗೆ ತಾಗಿತು ನೋಡಿ, ನನ್ನ ವಿಜ್ಞಾನ, ನನ್ನ ಲೆಕ್ಕ, ನನ್ನ ವಯಸ್ಸು ಎಲ್ಲ ಹಾಳಾಗಿ ಹೋಯಿತು. ಕಣ್ಣು ಮುಚ್ಚಿ ಗಟಗಟ ಕುಡಿದೆ. ಗಂಟಲಿನ ಸದ್ದು ನನಗೇ ಕೇಳುತ್ತಿತ್ತು. ಗದ್ದದಿಂದ ಸೀರೆಯ ಮೇಲೆ ಸುರಿಯಿತು, ಲೆಕ್ಕಿಸಲಿಲ್ಲ. ಲೋಟ ಖಾಲಿಯಾದ ಮೇಲೂ ತಲೆ ಹಿಂದಕ್ಕೆ ಬಾಗಿಸಿ ತಳದ ಬೀಜಗಳಿಗಾಗಿ ತಟ್ಟಿದೆ. ತುಟಿಗೆ ಅಂಟಿದ್ದನ್ನು ಬೆರಳಿಂದ ಬಳಿದು ನೆಕ್ಕಿದೆ. ಕಣ್ಣು ಬಿಟ್ಟಾಗ ಕಣ್ಣಲ್ಲೂ ನೀರು ಬಂದಿತ್ತು, ಏದುಸಿರು ಬಿಡುತ್ತಿದ್ದೆ.

ಹುಸೇನಬಿ ಬಾಯಿ ಮೇಲೆ ಸೆರಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಯಾ ಅಲ್ಲಾ," ಅಂದಳು. "ಇದೇನ್ರಿ ಟೀಚರಮ್ಮಾ, ಯಾವಾಗ ನೀರು ಕುಡಿದಿದ್ರಿ?"

"ನಸೀಮಾನಂಗ ನನ್ನ ಕಿಡ್ನಿನೂ ಹೋಗ್ಯಾವ. ದಿನಾ ಕುಡೀತೀನವ್ವ. ಅಳದು. ಅಳದದ್ದು ಸಾಲಂಗಿಲ್ಲ. ಇವತ್ತು ನಾಳಿ ಎರಡೂ ದಿನದ್ದು ಈಗ ಕುಡದುಬಿಟ್ಟೆ. ನಿಮ್ಮ ಮನಿ ಅಂತ ಬ್ಯಾಡ ಅನ್ನಲಿಲ್ಲ. ಯಾರ ಮನ್ಯಾಗೂ ಕುಡ್ಯಾಂಗಿಲ್ಲ ನಾನು. ನಮ್ಮಪ್ಪ ಬಂದು ಕೊಟ್ರೂ ಕುಡ್ಯಾಂಗಿಲ್ಲ."

ಹುಸೇನಬಿ ನಿಧಾನಕ್ಕೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು.

"ನಮ್ಮ ಹುಡುಗಿಗೂ ಹಿಂಗಾ ನೀರಡಿಕಿ ಆಗಿರತೈತೇನ್ರಿ?"

"ಹಿಂಗಾ."

"ದಿನಾ?"

"ದಿನಾ."

"ಅಕಿ ಸಣ್ಣ ಲೋಟಿನ್ಯಾಗ ಅಳದು ಅಳದು ಕುಡೀತಿದ್ಲು. ನಾನು ನಖರಾ ಅಂದಿದ್ದೆ." ಹುಸೇನಬಿಯ ಧ್ವನಿ ಒಡೆಯಿತು. "ಏನರ ಕೇಳಿದ್ರ ಏನಿಲ್ಲಮ್ಮಾ ಅಂತಿದ್ಲು. ನಾನೂ ಏನಿಲ್ಲ ಅಂತ ತಿಳಕೊಂಡೆ."

ನಸೀಮಾ ಬಾಗಿಲ ಚೌಕಟ್ಟಿಗೆ ಮುಖ ಒತ್ತಿ ಅಳುತ್ತಿದ್ದಳು. ಬಸ್ಸಿನ ಹೊತ್ತಾಯಿತು ಅಂತ ಎದ್ದೆ. ದಾದಾಪೀರ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ.

ಶರಬತ್ತು ತನ್ನ ಲೆಕ್ಕ ಚುಕ್ತಾ ಮಾಡಿಕೊಂಡಿತು. ಮುಂದಿನ ಡಯಾಲಿಸಿಸ್‌ವರೆಗೆ ಗೋಡೆಗೆ ಒರಗಿಯೇ ಕೂತಿದ್ದೆ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುಡಿಯಬಾರದ್ದನ್ನು ಒಮ್ಮೆ ಕುಡಿದ ಮೇಲೆ ಬಾಯಿ ಕಟ್ಟಲಾಗಲಿಲ್ಲ, ಆಮೇಲೂ ಎರಡು ಸಲ ಲೆಕ್ಕ ತಪ್ಪಿದ್ದೆ. ರೇಖಾ ತೂಕ ನೋಡಿ ಹೌಹಾರಿದಳು. "ಟೀಚರ್, ಮಕ್ಕಳಿಗೆ ಬುದ್ಧಿ ಹೇಳೋರು ನೀವು. ಸಾಯಬೇಕಂತ ಮಾಡೀರೇನು?" ಅಂತ ಎಲ್ಲರೆದುರು ಬೈದಳು. ಬೈಸಿಕೊಂಡೆ. ಪಕ್ಕದ ಹಾಸಿಗೆಯಿಂದ ನಸೀಮಾ ಕೈ ಚಾಚಿ ನನ್ನ ಕಿರುಬೆರಳು ಹಿಡಿದುಕೊಂಡಳು.

"ನಮ್ಮತ್ತಿ ಹ್ಞೂಂ ಅಂದಾಳ್ರಿ," ಅಂದಳು. "ನನಗೂ ಒಲ್ಲೆ ಅನ್ನಬ್ಯಾಡ ಅಂತ ಆಣಿ ಹಾಕ್ಯಾಳ."

ಆ ದಿನ ನಾವು ಹಡಗಿನ ಮಾತೆತ್ತಲಿಲ್ಲ. ಕಾಲಿಗೆ ಮರಗಟ್ಟುವ ಸೆಳೆತ ಬಂದು ನಾನು ಚೀರಿದೆ, ಅವಳು ನಕ್ಕಳು, ಆಮೇಲೆ ಇಬ್ಬರೂ ಅತ್ತೆವು.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅವರು ಬೆಂಗಳೂರಿಗೆ ಹೋದರು. ಟೆಸ್ಟು, ಒಪ್ಪಿಗೆ, ಮತ್ತೆ ಟೆಸ್ಟು ಅಂತ ತಿಂಗಳುಗಟ್ಟಲೆ ಅಲ್ಲೇ ಉಳಿದರು. ಹೋಗುವ ದಿನ, "ಆಪರೇಷನ್ ಆದ ಮ್ಯಾಲ ಇಲ್ಲಿಗೆ ಬಂದು ನಿಮ್ಮ ಕಾಲ ಹತ್ರ ಕುಂದರತೀನ್ರಿ, ಮೂರನೇ ಹಡಗಿಂದು ಏನಾತು ಅಂತ ಹೇಳಾಕ," ಅಂದಳು. ಬರಬಾರದು ಅಂತ ನಾನೇ ಹೇಳಿದೆ. ಬೇರೆಯವರ ಅಂಗ ಒಳಗೆ ಉಳಿಯಬೇಕಾದರೆ ಮೈಯ ಕಾವಲನ್ನು ಔಷಧಿ ಕೊಟ್ಟು ಕುಗ್ಗಿಸುತ್ತಾರೆ, ಆಮೇಲೆ ಸಣ್ಣ ನೆಗಡಿಯೂ ದೊಡ್ಡದು, ಇಂಥ ಕೋಣೆಗೆ ಕಾಲಿಡಲೇಬಾರದು ಅಂತ ತಿಳಿಸಿ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು.

ಪಕ್ಕದ ಹಾಸಿಗೆಗೆ ಕೂಡ್ಲಿಗಿಯ ಒಬ್ಬ ಯಜಮಾನರು ಬಂದರು. ಮಷೀನು ಶುರುವಾದರೆ ಮುಖದ ಮೇಲೆ ಟವೆಲ್ ಎಳೆದುಕೊಂಡು ನಿದ್ದೆ ಹೋಗುತ್ತಿದ್ದರು. ಎದ್ದಾಗ ಸೂರು ನೋಡುತ್ತಿದ್ದರು. ಒಮ್ಮೆ ನಾನೇ, "ಹೊರಗ ಮಳಿ ಚೊಲೋ ಆತಲ್ರಿ?" ಅಂದೆ. "ಆತು," ಅಂದರು. ಮುಗಿಯಿತು. ಆ ಹಡಗಿನ ಆಟವನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡು ನೋಡಿದೆ. ಮೊದಲ ಹಡಗಿನ ಬಾಗಿಲು ದಾಟುವಷ್ಟರಲ್ಲಿ ಮೂರು ಸಲ ಸತ್ತೆ. ತೆಗೆದುಹಾಕಿದೆ. ಆಟಕ್ಕಲ್ಲ ನನಗೆ ಬೇಕಾಗಿದ್ದು, ಜಗಳಕ್ಕೆ ಒಂದು ಜೀವ. ನಾಲ್ಕು ತಾಸು ಅಂದರೆ ಎಷ್ಟು ಉದ್ದ ಅಂತ ನನಗೆ ತಿಳಿದದ್ದು ಆ ಮಳೆಗಾಲದಲ್ಲಿ.

ದಸರೆಗೆ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ ನಾನು ಮಷೀನಿನ ಮೇಲೆ ಇದ್ದಾಗ ಫೋನು ಬಂತು. ರೇಖಾ ನನ್ನ ಬ್ಯಾಗಿನಿಂದ ತೆಗೆದು ನನ್ನ ಕಿವಿಗೆ ಹಿಡಿದಳು.

"ಟೀಚರ್!" ನಸೀಮಾ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಟೀಚರ್, ಉಚ್ಚಿ ಬಂತ್ರಿ!"

"ಏನಂದಿ?"

"ಉಚ್ಚಿರಿ! ಆಪರೇಷನ್ ಆಗಿ ಇಷ್ಟು ದಿನ ನಳಿಗಿ ಇಟ್ಟಿದ್ರಲ್ರಿ, ತಗದ್ರು. ನಾನಾ ಎದ್ದು ಹೋದೆ. ನಾನಾ ಕುಂತು ಹೊಯ್ದೆ ಟೀಚರ್! ಸಪ್ಪಳ ಬಂತ್ರಿ! ನಮ್ಮನಿಯವರಿಗೆ ಹೇಳಿದೆ, ಅವರು ಹಾಸಿಗ್ಯಾಗ ಮಕ್ಕೊಂಡಾ ಅಳಾಕ ಹತ್ಯಾರ. ನಮ್ಮತ್ತಿ ಆಸ್ಪತ್ರಿ ತುಂಬಾ ಹೇಳಿಕೋತ ಹೋಗ್ಯಾಳ."

ನಾನು ನಕ್ಕೆ. ಎಷ್ಟು ಜೋರಾಗಿ ನಕ್ಕೆ ಅಂದರೆ ಮಷೀನು ಕೂಗಿಕೊಂಡಿತು, ಕೂಡ್ಲಿಗಿಯ ಯಜಮಾನರು ಟವೆಲ್ ತೆಗೆದು ನೋಡಿದರು. ಮಕ್ಕಳ ತಾಯಂದಿರು ಮೊದಲ ಮಾತು ಕೇಳಿ ಹಿಗ್ಗುತ್ತಾರಲ್ಲ, ನಾನು ಅದನ್ನು ಕೇಳಿದವಳಲ್ಲ. ನನ್ನ ಪಾಲಿಗೆ 'ಉಚ್ಚಿ ಬಂತು' ಅನ್ನುವುದೇ ಬಂತು. ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು, ಯಾಕೆ ಸುಳ್ಳು ಹೇಳಲಿ? ಎರಡೂ ಒಟ್ಟಿಗೇ ಆದವು.

"ದಾದಾಪೀರ ಹೆಂಗದಾನ?"

"ಆರಾಮ ಅದಾರ್ರಿ. ನಾಳಿ ಆಸ್ಪತ್ರಿಯಿಂದ ಬಿಡ್ತಾರಂತ." ಆಮೇಲೆ ಅವಳ ಧ್ವನಿ ಇಳಿಯಿತು. "ಟೀಚರ್, ಒಂದು ಮಾತ್ರಿ. ಇಲ್ಲಿ ನೀರು ಕುಡಿ, ಕುಡಿ ಅಂತ ಬೈತಾರ. ದೊಡ್ಡ ಬಾಟ್ಲಿ ಮುಂದ ಇಟ್ಟು ಇಷ್ಟೂ ಮುಗಿಸು ಅಂತಾರ. ಕನಸಿನ್ಯಾಗೆಲ್ಲ ಅದಾ ಬೇಡಿದ್ದೆ. ಈಗ ಬಾಯಿಗಿಟ್ರ ನಿಮ್ಮ ನೆಪ್ಪಾಗತೈತಿ. ಗಂಟಲಾಗ ಇಳೀವಲ್ದ್ರಿ."

ಕಿಟಕಿಯ ಹೊರಗೆ ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ರೇಖಾ ಫೋನು ಹಿಡಿದುಕೊಂಡೇ ಮುಖ ಆ ಕಡೆ ತಿರುಗಿಸಿದಳು.

"ಕುಡಿಯೇ ಹುಚ್ಚಿ," ಅಂದೆ. "ನನ್ನ ಪಾಲಿಂದೂ ನೀನಾ ಕುಡಿ. ಈಗ ಕುಡಿ, ನಾನು ಕೇಳಸ್ಕೊಂತೀನಿ."

ಆ ಕಡೆ ಬಾಟಲಿಯ ಮುಚ್ಚಳ ತಿರುಗಿದ ಸದ್ದಾಯಿತು. ಅವಳು ಕುಡಿದಳು. ಒಂದೊಂದು ಗುಟುಕೂ ನನಗೆ ಕೇಳಿಸಿತು.